ಒದ್ದೆ ಮರಳಿನ ಸದ್ದು

ಒಣ ಮರಳಿನ ಮೇಲೆ ಮೆಟಲ್ ಡಿಟೆಕ್ಟರ್ ಹಿಡಿದು ನಡೆಯೋದು ಯಾರಿಗಾದರೂ ಬೇಗ ಬರುತ್ತದೆ. ಕೋಲಿನ ತುದಿಯ ತಟ್ಟೆ, ಅಂದರೆ ಕಾಯಿಲ್, ಅತ್ತಿತ್ತ ಆಡಿಸುತ್ತಾ ಹೋಗಬೇಕು, ಸದ್ದಾದ ಕಡೆ ತೋಡಬೇಕು, ಅಷ್ಟೇ. ಕಷ್ಟ ಶುರುವಾಗೋದು ಅಲೆ ಬಂದು ಹೋಗುವ ಜಾಗದಲ್ಲಿ. ಅಲ್ಲಿ ಕಾಲಿಟ್ಟ ಕೂಡಲೇ ಹೆಡ್‌ಫೋನಿನಲ್ಲಿ ಒಂದೇ ಸಮನೆ ಕಿರಕಿರ, ನಡುನಡುವೆ ಒಂದೊಂದು ಚೂಪಾದ ಬೀಪ್. ತೋಡಿದರೆ ಏನೂ ಇಲ್ಲ. ಎರಡು ಹೆಜ್ಜೆ ಮುಂದೆ ಮತ್ತೆ ಬೀಪ್, ಅಲ್ಲೂ ಏನಿಲ್ಲ. ಸ್ಕ್ರೀನಿನ ಮೇಲೆ ನಂಬರ್‌ಗಳು ನಿಲ್ಲೋದೇ ಇಲ್ಲ. ಹೊಸಬರು ಹೆಚ್ಚಿನವರು ಇಲ್ಲಿಗೇ ಬೇಸತ್ತು, ಜನ ಟವೆಲ್ ಹಾಸಿಕೊಂಡು ಮಲಗುವ ಮೇಲಿನ ಮರಳಿಗೆ ವಾಪಸ್ ಹೋಗಿಬಿಡುತ್ತಾರೆ. ನನಗೆ ಮಾತ್ರ ಒಂದು ಪ್ರಶ್ನೆ ಬಹಳ ದಿನ ಕೊರೆಯಿತು. ಒಂದೇ ಮಷಿನ್, ಒಂದೇ ಬೀಚು. ಹತ್ತು ಮಾರು ಆ ಕಡೆ ಸರಿಯಾಗಿದ್ದದ್ದು ಈ ಕಡೆ ಯಾಕೆ ಸುಳ್ಳು ಹೇಳಬೇಕು? ಕೊನೆಗೆ ತಿಳಿದದ್ದು ಇಷ್ಟು: ಅದು ಸುಳ್ಳು ಹೇಳುತ್ತಿರಲೇ ಇಲ್ಲ. ಕರೆಂಟು ಹರಿಸುವ ಒಂದು ವಸ್ತು ನಿಜವಾಗಿಯೂ ಕಾಯಿಲ್ ಕೆಳಗೆ ಇತ್ತು. ಆ ವಸ್ತು ಸಮುದ್ರವೇ.

ನಾನಿರೋದು ಫ್ಲೋರಿಡಾದ ಪೂರ್ವ ಕರಾವಳಿಯಲ್ಲಿ, ಬ್ರೆವಾರ್ಡ್ ಕೌಂಟಿಯಲ್ಲಿ. ಕೇಪ್ ಕ್ಯಾನವರಲ್‌ನಿಂದ ರಾಕೆಟ್ ಹಾರಿದರೆ ನಮ್ಮ ಕಿಟಕಿ ಗಾಜು ಅದುರುವಷ್ಟು ಹತ್ತಿರ. ಹುಟ್ಟಿ ಬೆಳೆದದ್ದು ಹೊಸಪೇಟೆಯಲ್ಲಿ. ನೀರು ಅಂದರೆ ನನಗೆ ಡ್ಯಾಮು, ಕಾಲುವೆ, ತುಂಗಭದ್ರೆ. ಭರತ, ಇಳಿತ ಅನ್ನೋ ಮಾತು ಶಾಲೆಯ ಪುಸ್ತಕದಲ್ಲಿ ಓದಿದ್ದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಈಗ ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರ್ ನೋಡೋದೇ ಅದಕ್ಕೆ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ನೀರು ಬಹಳ ಹಿಂದಕ್ಕೆ ಸರಿಯುತ್ತದೆ. ಮಾಮೂಲಿ ದಿನ ಮೊಣಕಾಲು ಮುಳುಗುವ ಜಾಗದಲ್ಲಿ ಆಗ ನಡೆದಾಡಬಹುದು. ಆ ಒಂದೆರಡು ಗಂಟೆ ನನಗೆ ಬೆಲೆಬಾಳುವ ಹೊತ್ತು.

ಸಮುದ್ರವೂ ಒಂದು ಲೋಹವೇ, ಮಷಿನ್ ಪಾಲಿಗೆ

ಕಾಯಿಲ್ ಒಳಗೆ ತಾಮ್ರದ ತಂತಿಯ ಎರಡು ಸುತ್ತುಗಳಿರುತ್ತವೆ. ಒಂದು ಕಳಿಸುತ್ತದೆ, ಇನ್ನೊಂದು ಕೇಳಿಸಿಕೊಳ್ಳುತ್ತದೆ. ಕಳಿಸುವ ಸುತ್ತಿನಲ್ಲಿ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಹರಿಯುತ್ತದೆ. ಅದರಿಂದ ಸುತ್ತಲೂ ಕಾಂತಕ್ಷೇತ್ರ ಏಳುತ್ತದೆ, ಬೀಳುತ್ತದೆ. ಆ ಕ್ಷೇತ್ರದೊಳಗೆ ಒಂದು ಉಂಗುರ ಇದ್ದರೆ ಉಂಗುರದಲ್ಲೂ ಸಣ್ಣ ಕರೆಂಟು ಹುಟ್ಟಿ, ಅದು ತನ್ನದೇ ಕ್ಷೇತ್ರವನ್ನು ವಾಪಸ್ ಕಳಿಸುತ್ತದೆ. ಕೇಳಿಸಿಕೊಳ್ಳುವ ಸುತ್ತು ಹಿಡಿಯೋದು ಇದನ್ನೇ. ಈ ಉತ್ತರ ಎಷ್ಟು ತಡವಾಗಿ ಬಂತು ಅನ್ನೋದರ ಮೇಲೆ ಅಲ್ಲಿರೋದು ಎಂಥ ವಸ್ತು ಅಂತ ಅಂದಾಜು ಮಾಡಿ ಮಷಿನ್ ಒಂದು ನಂಬರ್ ತೋರಿಸುತ್ತದೆ. ದಪ್ಪ ಬೆಳ್ಳಿಗೆ ಮೇಲಿನ ನಂಬರ್, ತೆಳು ಹಾಳೆಗೆ ಕೆಳಗಿನದು. ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಮಷಿನ್ ನೋಡೋದು ಲೋಹವನ್ನಲ್ಲ, ಕರೆಂಟು ಹರಿಯುತ್ತದಾ ಇಲ್ಲವಾ ಅನ್ನೋದನ್ನು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಲ್ಲಿ ನೀರಿನ ಪಕ್ಕ ಇಟ್ಟು ನೋಡಿದರೆ ಅದು ತುಂಬಾ ಒಳ್ಳೆಯ ವಾಹಕ. ಅದರಲ್ಲೂ ಕರೆಂಟು ಹುಟ್ಟುತ್ತದೆ, ಅದೂ ಉತ್ತರ ಕೊಡುತ್ತದೆ. ಮರಳು ಪೂರಾ ಒಣಗಿದ್ದರೆ ತೊಂದರೆ ಇಲ್ಲ. ಕಾಯಿಲ್ ಪೂರಾ ಮುಳುಗಿದ್ದರೂ ಒಂದು ಲೆಕ್ಕಕ್ಕೆ ಪರವಾಗಿಲ್ಲ, ಯಾಕಂದರೆ ಸದ್ದು ಒಂದೇ ಸಮ ಇರುತ್ತದೆ. ಗೋಳು ಇರೋದು ನಡುವಿನ ಪಟ್ಟಿಯಲ್ಲಿ. ಅಲ್ಲಿ ಒಂದು ಗೇಣು ಒದ್ದೆ, ಮುಂದಿನ ಗೇಣು ಅರೆ ಒದ್ದೆ. ಅಲೆ ಬಂದಾಗ ಒಂದು ಥರ, ಹೋದಾಗ ಇನ್ನೊಂದು ಥರ. ಕಾಯಿಲ್ ಎರಡು ಇಂಚು ಮೇಲೆದ್ದರೂ ಸಾಕು, ಸದ್ದು ಬದಲಾಗಿಬಿಡುತ್ತದೆ.

ಇದಕ್ಕೆ ಮಷಿನ್ ಮಾಡುವವರು ಎರಡು ದಾರಿ ಹುಡುಕಿದ್ದಾರೆ. ಒಂದು, ಒಂದೇ ಹೊತ್ತಿಗೆ ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಕೇಳೋದು. ಉಪ್ಪು ನೀರು ಒಂದೊಂದು ಫ್ರೀಕ್ವೆನ್ಸಿಗೆ ಒಂದೊಂದು ಥರ ಉತ್ತರ ಕೊಡುತ್ತದೆ. ಅವನ್ನು ಒಂದಕ್ಕೊಂದು ಹೋಲಿಸಿದರೆ ನೀರಿನ ಪಾಲನ್ನು ಕಳೆದುಬಿಡಬಹುದು. ನನ್ನ ಹತ್ತಿರ ಇರೋದು ಈ ಜಾತಿಯದು, 2018ರಲ್ಲಿ ಬಂದ ಮೈನ್‌ಲ್ಯಾಬ್ ಇಕ್ವಿನಾಕ್ಸ್ 800. ಅದರಲ್ಲಿ ಬೀಚಿಗೆ ಅಂತಲೇ ಎರಡು ಮೋಡ್ ಇವೆ. ಇನ್ನೊಂದು ದಾರಿ ಪಲ್ಸ್. ಆ ಮಷಿನ್ ಒಂದು ಏಟು ಕರೆಂಟು ಕೊಟ್ಟು ಸುಮ್ಮನಾಗುತ್ತದೆ. ಹತ್ತು ಹದಿನೈದು ಮೈಕ್ರೋಸೆಕೆಂಡ್ ಕಾದು ಆಮೇಲೆ ಕಿವಿಗೊಡುತ್ತದೆ. ಉಪ್ಪು ನೀರಿನ ಉತ್ತರ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ. ಲೋಹದ್ದು ಇನ್ನೂ ಉಳಿದಿರುತ್ತದೆ. ಓದಿದಾಗ ಎಷ್ಟು ಚೆಂದದ ಉಪಾಯ ಅನಿಸಿತ್ತು ನನಗೆ. ಈಗಲೂ ಅನಿಸುತ್ತದೆ. ಆದರೆ ಎರಡೂ ದಾರಿಯಲ್ಲಿ ಒಂದು ಬೆಲೆ ತೆರಬೇಕು. ತೆಳ್ಳನೆಯ ಚಿನ್ನದ ಸರ, ಸಣ್ಣ ಓಲೆ, ಮೂಗುಬೊಟ್ಟು ಇವುಗಳ ಉತ್ತರವೂ ಹೆಚ್ಚುಕಡಿಮೆ ಉಪ್ಪು ನೀರಿನದರ ಹಾಗೇ ಇರುತ್ತದೆ. ಅಷ್ಟೇ ಬೇಗ ಅಳಿಸಿಹೋಗುತ್ತದೆ, ಅದೇ ಕೆಳಗಿನ ನಂಬರಿನಲ್ಲಿ ಬರುತ್ತದೆ. ನೀರಿನ ಸದ್ದನ್ನು ಎಷ್ಟು ಚೆನ್ನಾಗಿ ತೆಗೆದರೆ, ಅದರ ಜೊತೆಗೇ ಅಷ್ಟು ತೆಳು ಚಿನ್ನವೂ ಕಿವಿಯಿಂದ ಹೋಗುತ್ತದೆ. ಪೂರ್ತಿ ಸದ್ದಿಲ್ಲದ ಮಷಿನ್ ಹಿಡಿದು ಒದ್ದೆ ಮರಳಿನ ಮೇಲೆ ಆರಾಮಾಗಿ ನಡೆಯುವವರನ್ನು ಕಂಡಾಗ ನನಗೆ ಈಗ ಇದೇ ನೆನಪಾಗೋದು. ಏನೇನು ಕೇಳಿಸದೆ ಹೋಗ್ತಿದೆಯೋ ಅವರಿಗೆ ಗೊತ್ತಾಗೋದೇ ಇಲ್ಲ.

ಗಾಳದ ನೂಲಿಗೆ ಕಟ್ಟಿದ ಉಂಗುರ

ನನಗೆ ಇದನ್ನು ಹೇಳಿಕೊಟ್ಟವರು ಒಬ್ಬ ಅಜ್ಜ. ಇಲ್ಲಿನವರೇ, ಎಲೆಕ್ಟ್ರಿಷಿಯನ್ ಆಗಿದ್ದು ರಿಟೈರ್ ಆದವರು. ಬೆಳಗಿನ ಜಾವ ಇಳಿತ ಇದ್ದ ದಿನಗಳಲ್ಲಿ ಅವರೂ ಬರುತ್ತಿದ್ದರು. ಸೊಂಟದ ತನಕ ನೀರಿನಲ್ಲಿ ನಿಂತು ಉದ್ದ ಹಿಡಿಯ, ಜರಡಿಯಂತೆ ತೂತಿರುವ ಸ್ಕೂಪಿನಲ್ಲಿ ಮರಳು ಎತ್ತುತ್ತಿದ್ದರು. ಒಂದು ದಿನ ನಾನು ಒದ್ದೆ ಮರಳಿನಲ್ಲಿ ಒದ್ದಾಡುತ್ತಿರೋದನ್ನು ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದರು. ಹೆಚ್ಚು ಮಾತಾಡಲಿಲ್ಲ. ಜೇಬಿನಿಂದ ಒಂದು ತೆಳ್ಳನೆಯ ಚಿನ್ನದ ಉಂಗುರ ತೆಗೆದರು. ಅದಕ್ಕೆ ಗಾಳದ ನೂಲು ಕಟ್ಟಿತ್ತು. ನೂಲಿನ ಇನ್ನೊಂದು ತುದಿಗೆ ಕೆಂಪು ಪ್ಲಾಸ್ಟಿಕ್ ಬೆಂಡು. ಉಂಗುರವನ್ನು ಮರಳಿನಲ್ಲಿ ಆರು ಇಂಚಿನಷ್ಟು ಕೆಳಗೆ ಹೂತು, ಬೆಂಡನ್ನು ಮೇಲೆ ಬಿಟ್ಟು, ಈಗ ಕೇಳು ಅಂದರು. ನನ್ನ ಸೆನ್ಸಿಟಿವಿಟಿ 22ರಲ್ಲಿತ್ತು. ಜಾಸ್ತಿ ಇಟ್ಟಷ್ಟೂ ಆಳದ್ದು ಕೇಳಿಸುತ್ತದೆ ಅನ್ನೋದು ಎಲ್ಲ ಹೊಸಬರ ಲೆಕ್ಕ. ಕಾಯಿಲ್ ಆಡಿಸಿದೆ. ಎಲ್ಲ ಕಡೆ ಬೀಪ್. ಉಂಗುರದ ಮೇಲೂ ಬೀಪ್, ಪಕ್ಕದಲ್ಲೂ ಬೀಪ್. ಯಾವುದು ಯಾವುದು ಅಂತ ಹೇಳೋಕೇ ಆಗಲಿಲ್ಲ.

ಅವರು ಅದನ್ನು 14ಕ್ಕೆ ಇಳಿಸಿದರು. ಉಂಗುರದ ಕಡೆ ಹೋಗಬೇಡ, ಮೊದಲು ಖಾಲಿ ಮರಳನ್ನು ಕೇಳು ಅಂದರು. ಸುಮ್ನೆ ಅಲ್ಲೇ ನಿಂತು, ನೀರಿನ ಅಂಚಿಗೆ ಸಮಾನವಾಗಿ, ನಿಧಾನಕ್ಕೆ, ಮರಳಿಗೆ ತಾಗೀ ತಾಗದ ಹಾಗೆ ಕಾಯಿಲ್ ಆಡಿಸಿದೆ. ಅಡ್ಡಡ್ಡ ಆಡಿಸಿದರೆ ಒಣಗಿದ್ದರ ಮೇಲಿಂದ ಒದ್ದೆಗೆ ಹೋಗಿ ಬರಬೇಕಾಗುತ್ತದೆ. ಅಂಚಿನ ಉದ್ದಕ್ಕೆ ಆಡಿಸಿದರೆ ಒದ್ದೆ ಒಂದೇ ಸಮ ಇರುತ್ತದೆ. ಇಷ್ಟು ಸಣ್ಣ ಬದಲಾವಣೆಗೆ ಅರ್ಧ ಗಲಾಟೆ ನಿಂತುಹೋಯಿತು. ಉಳಿದ ಸದ್ದು ಕೇಳುತ್ತಾ ಕೇಳುತ್ತಾ ಅದಕ್ಕೂ ಒಂದು ಗುಣ ಇದೆ ಅಂತ ಗೊತ್ತಾಯಿತು. ಉಪ್ಪಿನ ಸದ್ದಿಗೆ ಅಂಚಿಲ್ಲ. ಉಬ್ಬುತ್ತದೆ, ಇಳಿಯುತ್ತದೆ, ಅಲೆಯ ಜೊತೆಗೆ ಬದಲಾಗುತ್ತದೆ. ಅದೇ ಜಾಗಕ್ಕೆ ವಾಪಸ್ ಬಂದರೆ ಅದೇ ಸದ್ದು ಇರೋದಿಲ್ಲ. ಆಮೇಲೆ ಉಂಗುರದ ಮೇಲೆ ಹೋದೆ. ಸಣ್ಣ ಸದ್ದು, ಆದರೆ ಗಟ್ಟಿ. ಎಡದಿಂದ ಬಂದರೂ ಅಲ್ಲೇ, ಬಲದಿಂದ ಬಂದರೂ ಅಲ್ಲೇ. ನಾನೇ ಒಂದು ಸುತ್ತು ತಿರುಗಿ ಅಡ್ಡದಿಂದ ಆಡಿಸಿದರೂ ಅಲ್ಲೇ. ಅಜ್ಜ ನೂಲು ಹಿಡಿದು ಎಳೆದು ಉಂಗುರ ಜೇಬಿಗೆ ಹಾಕಿಕೊಂಡು, ಅಷ್ಟೇ, ಅಂತ ಹೇಳಿ ನೀರಿಗೆ ಇಳಿದು ಹೋದರು. ಸೆನ್ಸಿಟಿವಿಟಿ ಇಳಿಸಿದ್ದಕ್ಕೆ ಹೆಚ್ಚು ಕೇಳಿಸಿತು. ಇದನ್ನು ಪುಸ್ತಕದಲ್ಲಿ ಓದಿದರೆ ಒಪ್ಪೋದು ಕಷ್ಟ. ಕಿವಿಯಲ್ಲಿ ಒಂದು ಸಲ ಆದರೆ ಮತ್ತೆ ಮರೆಯೋದಿಲ್ಲ. ಅವರು ಸಮುದ್ರದ ಸದ್ದನ್ನು ಅಡಗಿಸೋದಕ್ಕೆ ಹೇಳಲಿಲ್ಲ ಅನ್ನೋದನ್ನು ನಾನು ಆಮೇಲೆ ಮನೆಗೆ ಬಂದು ಯೋಚಿಸಿದೆ. ಅದು ಹಿಂದೆ ಕೇಳಿಸುತ್ತಲೇ ಇರಲಿ, ಅದರ ಗುಣ ತಿಳಿದುಕೊಂಡರೆ ಸಾಕು ಅನ್ನೋದು ಅವರ ಪಾಠ.

ಚಿನ್ನ ಯಾವುದು, ಕ್ಯಾನಿನ ಕಿವಿ ಯಾವುದು

ಇಲ್ಲಿನ ಐದು ಸೆಂಟಿನ ನಾಣ್ಯಕ್ಕೆ ನಿಕಲ್ ಅಂತಾರೆ. ಹೆಸರು ನಿಕಲ್ ಆದರೂ ಮುಕ್ಕಾಲು ಭಾಗ ತಾಮ್ರ. ನನ್ನ ಮಷಿನಿನಲ್ಲಿ ಅದು 12 ಅಥವಾ 13 ತೋರಿಸುತ್ತದೆ. ಕೂಲ್‌ಡ್ರಿಂಕ್ಸ್, ಬಿಯರ್ ಕ್ಯಾನ್ ತೆರೆಯುವ ಅಲ್ಯುಮಿನಿಯಂ ಕಿವಿಯೂ ಅದರ ಆಚೆ ಈಚೆ. ಹೆಂಗಸರ ಚಿನ್ನದ ಉಂಗುರಗಳೂ ಹೆಚ್ಚಿನವು ಅಲ್ಲೇ. ಮಷಿನಿಗೆ ಇವು ಬೇರೆ ಬೇರೆ ಅಲ್ಲ. ಗಾತ್ರ, ದಪ್ಪ, ಕರೆಂಟು ಹರಿಯುವ ಗುಣ ಎಲ್ಲ ಸೇರಿ ಒಂದು ನಂಬರ್ ಬರುತ್ತದೆ. ಆ ನಂಬರಿಗೆ ಬೆಲೆ ಗೊತ್ತಿಲ್ಲ. ಕ್ಯಾನಿನ ಕಿವಿ ತೋಡಿ ತೋಡಿ ಸಾಕಾದವರು ಆ ನಂಬರುಗಳನ್ನೇ ಮ್ಯೂಟ್ ಮಾಡಿಬಿಡುತ್ತಾರೆ. ಆಮೇಲೆ ಅವರಿಗೆ ದಿನವೂ ಕ್ವಾರ್ಟರ್, ಡೈಮ್ (ಇಪ್ಪತ್ತೈದು, ಹತ್ತು ಸೆಂಟಿನ ನಾಣ್ಯ) ಸಿಗುತ್ತಿರುತ್ತವೆ, ಉಂಗುರ ಮಾತ್ರ ಸಿಗೋದಿಲ್ಲ. ನಾನು ನನ್ನ ಮಷಿನಿನಲ್ಲಿ ಕುದುರೆ ಲಾಳದ ಚಿತ್ರ ಇರುವ ಬಟನ್ ಒತ್ತಿಟ್ಟುಕೊಂಡು ಓಡಾಡುತ್ತೇನೆ. ಅದು ಒತ್ತಿದ್ದರೆ ಯಾವುದೂ ಅಡಗೋದಿಲ್ಲ, ಕಬ್ಬಿಣವೂ ಕೇಳಿಸುತ್ತದೆ. ಹೇರ್‌ಪಿನ್ನು, ಗಾಳದ ಕೊಕ್ಕೆ, ಬಾಟಲಿ ಮುಚ್ಚಳ, ಟೆಂಟಿನ ಮೊಳೆ, 1960–70ರ ದಶಕದಲ್ಲಿ ಕ್ಯಾನಿನಿಂದ ಕಿತ್ತು ಬಿಸಾಕುತ್ತಿದ್ದ ಬಾಲ ಇರುವ ಹಳೆಯ ಉಂಗುರಗಳು, ಎಲ್ಲವನ್ನೂ ತೋಡಿ ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಮಕ್ಕಳು ಬರಿಗಾಲಿನಲ್ಲಿ ಓಡುವ ಜಾಗ ಅದು. ತುಕ್ಕು ಹಿಡಿದ ಕೊಕ್ಕೆ ತೆಗೆದದ್ದು ವೇಸ್ಟ್ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಒಂದು ಸೆಂಟಿನ ನಾಣ್ಯದ ಬಗ್ಗೆ ಹೇಳಲೇಬೇಕು. 1982ರ ನಂತರದವು ಒಳಗೆ ಸತು, ಮೇಲೆ ತೆಳ್ಳಗೆ ತಾಮ್ರ. ಉಪ್ಪು ನೀರಿನಲ್ಲಿ ತಾಮ್ರ ಒಂದು ಕಡೆ ಸವೆದರೆ ಮುಗಿಯಿತು, ಒಳಗಿನ ಸತುವನ್ನು ನೀರು ತಿಂದುಹಾಕುತ್ತದೆ. ಕೈಗೆ ಬರುವಾಗ ಅಂಚು ಹರಿದು, ಅಲ್ಲಲ್ಲಿ ತೂತಾಗಿ, ಬೂದಿ ಬಣ್ಣದ ಪುಡಿ ಅಂಟಿಕೊಂಡಿರುತ್ತದೆ. ನಂಬರೂ ಒಂದು ಕಡೆ ನಿಲ್ಲೋದಿಲ್ಲ. ಅದೇ ಪಕ್ಕದಲ್ಲಿ ಬಿದ್ದಿದ್ದ ಚಿನ್ನ ಅಂಗಡಿಯಿಂದ ಈಗ ತಂದ ಹಾಗೆ ಇರುತ್ತದೆ. ಬೆಳ್ಳಿ ಕಪ್ಪಾಗುತ್ತದೆ. ನಮ್ಮವರು ಯಾರೋ ಕಳೆದುಕೊಂಡ ಒಂದು ಕಾಲುಂಗುರ ಸಿಕ್ಕಿತ್ತು. ಇದ್ದಿಲಿನಷ್ಟು ಕಪ್ಪು. ಸದ್ದು ಮಾತ್ರ ಎಷ್ಟು ಸ್ಪಷ್ಟ ಅಂದರೆ ತೋಡುವ ಮೊದಲೇ ಬೆಳ್ಳಿ ಅಂತ ಗೊತ್ತಾಗಿತ್ತು. ಈ ದೇಶದಲ್ಲಿ ನಮ್ಮ ಹೆಂಗಸರ ಕಾಲಿನಿಂದ ಬಿದ್ದದ್ದು ನನ್ನ ಕೈಗೇ ಬಂತಲ್ಲ ಅಂತ ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದೆ.

ಯಾವ ವಸ್ತು ಎಲ್ಲಿ ನಿಲ್ಲುತ್ತದೆ ಅನ್ನೋದನ್ನು ತೀರ್ಮಾನ ಮಾಡೋದು ತೂಕ. ಮೊರದಲ್ಲಿ ಅಕ್ಕಿ ಕೇರಿದಾಗ ಹೊಟ್ಟು ಮುಂದಕ್ಕೆ ಹೋಗಿ ಕಲ್ಲು ಹಿಂದೆ ಉಳಿಯುತ್ತದಲ್ಲ, ಅಲೆ ದಿನವಿಡೀ ಮಾಡೋದು ಅದನ್ನೇ. ನೀರಿನ ಸಾಂದ್ರತೆ 1 ಅಂದುಕೊಂಡರೆ ಮರಳಿನದು ಸುಮಾರು 2.65, ಅಲ್ಯುಮಿನಿಯಂದು 2.7. ಹಾಗಾಗಿ ಕ್ಯಾನಿನ ಚೂರು ಮರಳಿನ ಜೊತೆಗೇ ಅಲೆದಾಡುತ್ತದೆ, ಇವತ್ತು ಇಲ್ಲಿ, ನಾಳೆ ಅಲ್ಲಿ. ಸೀಸ 11.3, ಅಪ್ಪಟ ಚಿನ್ನ 19.3. ಇವು ಮರಳು ಅಲುಗಾಡಿದಾಗಲೆಲ್ಲ ಕೆಳಕ್ಕೆ ಇಳಿಯುತ್ತಾ ಹೋಗಿ, ಗಟ್ಟಿ ಚಿಪ್ಪಿನ ಪದರವೋ ಜೇಡಿಯೋ ಸಿಕ್ಕಲ್ಲಿ ನಿಲ್ಲುತ್ತವೆ. ಬೇಸಿಗೆಯಲ್ಲಿ ಅಲೆ ಮೆತ್ತಗಿರುತ್ತದೆ, ಮರಳು ತಂದು ಮೇಲೆ ಹಾಕುತ್ತದೆ. ಆಗ ಎಂಥ ಮಷಿನಿಗೂ ಅಷ್ಟು ಆಳ ಕೇಳಿಸೋದಿಲ್ಲ. ಚಳಿಗಾಲದಲ್ಲಿ ಈಶಾನ್ಯದ ಗಾಳಿ ನಾಲ್ಕು ದಿನ ಬೀಸಿದರೆ ಆಳೆತ್ತರದ ಮರಳು ಕೊಚ್ಚಿಹೋಗಿ ಬೀಚಿನಲ್ಲಿ ಮೆಟ್ಟಿಲು ಕಡಿದ ಹಾಗೆ ಗೋಡೆ ನಿಂತಿರುತ್ತದೆ. ಅಂಥ ದಿನ ಕ್ಯಾನಿನ ಚೂರು ಸಿಗುವ ಜಾಗ ಬಿಟ್ಟು ಮುಂದೆ ಹೋಗಬೇಕು. ಮೀನು ಹಿಡಿಯುವವರ ಸೀಸದ ಗುಂಡುಗಳು ಸಾಲಾಗಿ ಸಿಗೋಕೆ ಶುರುವಾದರೆ ಅಲ್ಲಿ ನಿಲ್ಲಬೇಕು. ಸೀಸ ನಿಂತ ಕಡೆ ಚಿನ್ನವೂ ನಿಲ್ಲುತ್ತದೆ. ಹಾಗಾಗಿ ಯಾವುದಕ್ಕೂ ಬೇಡದ ಸೀಸದ ಗುಂಡಿನ ಸದ್ದನ್ನೂ ಮ್ಯೂಟ್ ಮಾಡುವ ಹಾಗಿಲ್ಲ. ದಾರಿ ತೋರಿಸೋದೇ ಅದು.

ಕರಿಮಣಿ

ಒಂದು ಶನಿವಾರ ರಾತ್ರಿ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂತು. ಆರ್ಲ್ಯಾಂಡೋದಿಂದ ಬಂದಿದ್ದ ಒಂದು ಕುಟುಂಬ, ಕೋಕೋ ಬೀಚಿನಲ್ಲಿ ಮಧ್ಯಾಹ್ನ ಅಲೆಗೆ ಆ ಮನೆಯ ಹುಡುಗಿಯ ಕರಿಮಣಿ ಸರ ಕಿತ್ತುಹೋಗಿದೆ, ಮೆಟಲ್ ಡಿಟೆಕ್ಟರ್ ಇರುವವರು ಯಾರಾದರೂ ಇದ್ದೀರಾ ಅಂತ. ಫೋನ್ ಮಾಡಿದೆ. "ಅಕ್ಕಾ, ಸಿಗಲ್ಲ ಅಂತ ಗೊತ್ತು, ಆದ್ರೂ ಕೇಳ್ತಿದೀನಿ" ಅಂದಳು. ಅಳು ತಡೆದುಕೊಂಡು ಮಾತಾಡುತ್ತಿದ್ದಳು. ನೀರು ಮೊಣಕಾಲಿಗಿತ್ತಾ, ಸೊಂಟಕ್ಕಿತ್ತಾ ಅಂತ ಕೇಳಿದೆ. ಎಷ್ಟು ಗಂಟೆಗೆ ಅಂತ ಕೇಳಿದೆ. ಅದಕ್ಕಿಂತ ಸ್ವಲ್ಪ ಮುಂಚೆ ಅಲ್ಲೇ ನಿಂತು ಫೋಟೋ ತೆಗೆಸಿಕೊಂಡಿದ್ದೀರಾ ಅಂತ ಕೇಳಿದೆ. ತೆಗೆಸಿಕೊಂಡಿದ್ದರು. ಮಗುವನ್ನು ಎತ್ತಿಕೊಂಡು ನಿಂತಿದ್ದಾಳೆ, ಕುತ್ತಿಗೆಯಲ್ಲಿ ಸರ ಕಾಣುತ್ತಿದೆ, ಹಿಂದೆ ಲೈಫ್‌ಗಾರ್ಡ್ ಗೋಪುರದ ಒಂದು ಕಾಲು, ಅದರ ಪಕ್ಕಕ್ಕೆ ಸರಿಯಾಗಿ ಒಂದು ಹೋಟೆಲಿನ ಮೂಲೆ. ಇಂಥ ಫೋಟೋ ಒಂದಿದ್ದರೆ ಅರ್ಧ ಕೆಲಸ ಆದ ಹಾಗೆ. ಗೋಪುರ ಮತ್ತು ಮೂಲೆ ಅದೇ ಥರ ಕಾಣುವ ಕಡೆ ಹೋಗಿ ನಿಂತರೆ ಆ ಜಾಗ ಸಿಗುತ್ತದೆ. ಮಧ್ಯಾಹ್ನ ಭರತದಲ್ಲಿ ಮೊಣಕಾಲು ನೀರಿದ್ದರೆ ಮರುದಿನ ಬೆಳಗ್ಗೆ ಇಳಿತದಲ್ಲಿ ಅದು ಬರೀ ಒದ್ದೆ ಮರಳು.

ಬೆಳಗ್ಗೆ ಬೇಗ ಹೋದೆ. ಅವರಾಗಲೇ ಬಂದಿದ್ದರು. ಗಂಡ, ಹೆಂಡತಿ, ನಿದ್ದೆಗಣ್ಣಿನ ಮಗು, ಮತ್ತೆ ಆರು ತಿಂಗಳಿಗೆ ಅಂತ ತಿಪಟೂರಿನಿಂದ ಬಂದಿದ್ದ ಅವಳ ಅಮ್ಮ. ಆ ತಾಯಿ ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸ್ವೆಟರ್ ಹಾಕಿಕೊಂಡು ನಿಂತಿದ್ದರು. "ಹೋಗ್ಲಿ ಬಿಡು, ಸಮುದ್ರರಾಜನಿಗೆ ಕೊಟ್ಟೆ ಅಂದ್ಕೋ ಅಂತ ರಾತ್ರಿಯಿಂದ ಹೇಳ್ತಿದೀನಿ, ಕೇಳಲ್ಲ ಇವ್ಳು" ಅಂದರು. ಹೇಳುವಾಗ ಅವರ ಕಣ್ಣೂ ಮರಳಿನ ಮೇಲೇ ಇತ್ತು. ಸ್ಕೂಪಿನ ಹಿಡಿಯಿಂದ ನೀರಿನ ಅಂಚಿಗೆ ಸಮಾನವಾಗಿ ಗೆರೆ ಎಳೆದೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಕಾಯಿಲ್ ಅಗಲಕ್ಕಿಂತ ಕಡಿಮೆ. ಹುಡುಕಬೇಕಾದ್ದು ಸರವನ್ನಲ್ಲ ಅಂತ ನನಗೆ ಗೊತ್ತಿತ್ತು. ಸರದಲ್ಲಿ ಕೊಂಡಿಗಳೆಲ್ಲ ಬಿಡಿಬಿಡಿಯಾಗಿರುತ್ತವೆ. ಕರೆಂಟು ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಹರಿಯೋದಿಲ್ಲ. ಮಷಿನಿಗೆ ಮಾರುದ್ದದ ಸರವೂ ಒಂದೇ ಒಂದು ಸಣ್ಣ ಕೊಂಡಿಯ ಹಾಗೆ ಕಾಣುತ್ತದೆ. ಕರಿಮಣಿಯಂತೂ ಗಾಜು, ಅದು ಕಾಣೋದೇ ಇಲ್ಲ. ಕಾಣೋದಿದ್ದರೆ ತಾಳಿ ಬೊಟ್ಟು. ಬಟ್ಟಲಿನ ಆಕಾರ, ಕಿರುಬೆರಳಿನ ಉಗುರಿನಷ್ಟು ಅಗಲ, ಇಪ್ಪತ್ತೆರಡು ಕ್ಯಾರೆಟ್. ಅದರಲ್ಲಿ ಕರೆಂಟು ಸುತ್ತು ಹಾಕೋಕೆ ಜಾಗ ಇದೆ.

ಸೆನ್ಸಿಟಿವಿಟಿ ಕೆಳಗಿಟ್ಟೆ. ಏನನ್ನೂ ಮ್ಯೂಟ್ ಮಾಡಲಿಲ್ಲ. ಉಪ್ಪಿನ ಕಿರಕಿರ ಕಿವಿಯಲ್ಲಿ ಇದ್ದೇ ಇತ್ತು. ಮೊದಲು ಸಿಕ್ಕಿದ್ದು ಹೇರ್‌ಪಿನ್ನು, ಆಮೇಲೆ ಒಂದು ಕ್ವಾರ್ಟರ್, ಆಮೇಲೆ ಚಾಕಲೇಟಿನ ಬೆಳ್ಳಿ ಹಾಳೆ. ಪ್ರತಿ ಸಲ ಸ್ಕೂಪ್ ಅಲ್ಲಾಡಿಸುವಾಗ ನಾಲ್ಕೂ ಜನ ಬಗ್ಗಿ ನೋಡುತ್ತಿದ್ದರು. ಗೆರೆಗಳು ಮುಗಿಯುತ್ತಾ ಬಂದವು, ನೀರು ತಿರುಗಿ ಏರೋಕೆ ಶುರುವಾಗಿತ್ತು. ಫೋಟೋದ ಜಾಗದಿಂದ ದಕ್ಷಿಣಕ್ಕೆ ಸ್ವಲ್ಪ ದೂರ, ಅಲೆ ಓರೆಯಾಗಿ ಎಳೆದುಕೊಂಡು ಹೋಗಿರುವ ಕಡೆ, ಒಂದು ಸಣ್ಣ ಸದ್ದು. ನಂಬರ್ ಆರೇಳರ ಸುತ್ತ. ಅಲೆ ಬಂತು, ಉಪ್ಪಿನ ಸದ್ದು ಉಬ್ಬಿತು, ಅಲೆ ಹೋಯಿತು, ಅದು ಮಾತ್ರ ಅಲ್ಲೇ ಇತ್ತು. ಅಡ್ಡದಿಂದ ಬಂದೆ. ಅಲ್ಲೇ. ಸ್ಕೂಪಿನಲ್ಲಿ ಎತ್ತಿ ನೀರಿನಲ್ಲಿ ಅದ್ದಿ ಅಲ್ಲಾಡಿಸಿದೆ. ಮರಳು ಇಳಿದುಹೋದ ಮೇಲೆ ಚಿಪ್ಪಿನ ಚೂರುಗಳ ನಡುವೆ ಎರಡು ಬೊಟ್ಟು ಪಕ್ಕಪಕ್ಕದಲ್ಲೇ ಕೂತಿದ್ದವು. ಬೆರಳುದ್ದ ಚಿನ್ನದ ತಂತಿ ಇನ್ನೂ ಅಂಟಿಕೊಂಡಿತ್ತು, ಅದರಲ್ಲಿ ಒಂದಿಷ್ಟು ಗುಂಡು, ನಾಲ್ಕೈದು ಕರಿಮಣಿ. ಒಂದು ಬೊಟ್ಟಿನ ಒಳಗೆ ಮರಳು ಗಟ್ಟಿಯಾಗಿ ತುಂಬಿಕೊಂಡಿತ್ತು. ಆ ತಾಯಿ ಅದನ್ನು ಕೈಗೆ ತಗೊಂಡು, ಉಗುರಿನಿಂದ ಮರಳು ಕೆರೆದು, ಕಣ್ಣಿಗೆ ಒತ್ತಿಕೊಂಡರು. "ಇದು ನಮ್ದು, ಇದು ಅವರ ಮನೇದು" ಅಂತ ಒಂದೊಂದನ್ನೇ ಮುಟ್ಟಿ ಹೇಳಿದರು. ತವರಿನದು ಒಂದು, ಗಂಡನ ಮನೆಯದು ಒಂದು. ಉಳಿದ ಸರಕ್ಕೆ ನೀರು ಏರುವ ತನಕ ಹುಡುಕಿದೆ. ಸಿಗಲಿಲ್ಲ. "ಬೊಟ್ಟು ಸಿಕ್ತಲ್ಲ ಸಾಕು ಕಣಮ್ಮ, ಸರ ಮಾಡಿಸಿದ್ರಾಯ್ತು" ಅಂದು ನನ್ನನ್ನು ಅಲ್ಲೇ ಕಾರಿನ ಹತ್ತಿರ ನಿಲ್ಲಿಸಿ ಡಬ್ಬಿಯಿಂದ ಚಪಾತಿ, ಪಲ್ಯ ಕೊಟ್ಟರು.

ಆ ದಿನ ಕೆಳಗಿನ ನಂಬರುಗಳನ್ನೆಲ್ಲ ಅಡಗಿಸಿಕೊಂಡು ಆರಾಮಾಗಿ ನಡೆದಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಬಂದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಗುಂಡಿ ಮುಚ್ಚೋದು

ನಮ್ಮ ಮನೆಯಿಂದ ದಕ್ಷಿಣಕ್ಕೆ ಹೋದರೆ ಸೆಬಾಸ್ಟಿಯನ್ ಅನ್ನೋ ಊರು. 1715ರ ಜುಲೈ 24ರಂದು ಹವಾನಾದಿಂದ ಸ್ಪೇನಿಗೆ ಹೊರಟಿದ್ದ ಹಡಗುಗಳಲ್ಲಿ 11, ಒಂದು ವಾರದೊಳಗೆ ಬಿರುಗಾಳಿಗೆ ಸಿಕ್ಕಿ ಈ ತೀರದಲ್ಲೇ ಒಡೆದವು. ಸಾವಿರದಷ್ಟು ಜನ ಸತ್ತರು. ಹಡಗಿನ ತುಂಬ ಅಮೆರಿಕದ ಬೆಳ್ಳಿ, ಚಿನ್ನ ಇತ್ತು. ಅಂಥ ಸ್ಪ್ಯಾನಿಷ್ ಬೆಳ್ಳಿ ನಾಣ್ಯಗಳೇ ಯುರೋಪಿನ ವ್ಯಾಪಾರಿಗಳ ಕೈಯಿಂದ ನಮ್ಮ ಕರಾವಳಿಗೂ ಬಂದು ಮೆಣಸಿಗೆ ಬೆಲೆಯಾಗುತ್ತಿದ್ದವು. 1950ರ ದಶಕದಲ್ಲಿ ಇಲ್ಲಿ ಮನೆ ಕಟ್ಟಿಸುತ್ತಿದ್ದ ಕಿಪ್ ವ್ಯಾಗ್ನರ್ ಬೀಚಿನಲ್ಲಿ ಸಿಗುವ ಕಪ್ಪು ನಾಣ್ಯಗಳ ಜಾಡು ಹಿಡಿದು, ಯುದ್ಧ ಮುಗಿದ ಮೇಲೆ ಉಳಿದ ಮಿಲಿಟರಿ ಡಿಟೆಕ್ಟರ್ ಹಿಡಿದುಕೊಂಡು ಹುಡುಕಿ, ಬದುಕುಳಿದವರು ಬೀಡುಬಿಟ್ಟಿದ್ದ ಜಾಗವನ್ನೇ ಪತ್ತೆ ಮಾಡಿದರು. ಅಲ್ಲಿ ಈಗ ಮ್ಯೂಸಿಯಂ ಇದೆ. ಈಗಲೂ ದೊಡ್ಡ ಚಂಡಮಾರುತ ಬಂದು ಹೋದ ಮೇಲೆ ನಾಣ್ಯ ಸಿಕ್ಕಿದ ಸುದ್ದಿ ಬರುತ್ತದೆ. ನೀರಿನೊಳಗಿನದಕ್ಕೆ ಕೋರ್ಟಿನ ಹಕ್ಕು ಪಡೆದವರಿದ್ದಾರೆ, ಬೇರೆಯವರು ಕೈ ಹಾಕುವ ಹಾಗಿಲ್ಲ. ಉತ್ತರಕ್ಕಿರುವ ಕ್ಯಾನವರಲ್ ನ್ಯಾಷನಲ್ ಸೀಶೋರ್‌ನಲ್ಲಂತೂ ಮಷಿನ್ ಒಯ್ಯೋದೇ ಅಪರಾಧ. ಕೌಂಟಿಯ ಬೀಚಿನಲ್ಲಿ ಓಡಾಡಬಹುದು, ಹುಲ್ಲು ಬೆಳೆದ ಮರಳ ದಿಬ್ಬ ಮಾತ್ರ ಮುಟ್ಟಬಾರದು. ನನಗೆ ಈ ನಿಯಮಗಳಲ್ಲಿ ಒಂದೂ ಹೆಚ್ಚು ಅನಿಸಿಲ್ಲ.

ಆಮೆಗಳಿವೆ ಇಲ್ಲಿ. ಮೆಲ್ಬೋರ್ನ್ ಬೀಚಿನಿಂದ ವಬಾಸೋ ತನಕ ಸುಮಾರು 20 ಮೈಲಿ ಉದ್ದ, 1991ರಲ್ಲಿ ಆಮೆಗಳಿಗೆ ಅಂತಲೇ ಮಾಡಿದ ಅಭಯಧಾಮ ಇದೆ. ಮಾರ್ಚ್‌ನಿಂದ ಅಕ್ಟೋಬರ್ ತನಕ ಮೊಟ್ಟೆ ಇಡುವ ಕಾಲ. ಮರಿಗಳು ರಾತ್ರಿ ಹೊರಗೆ ಬಂದು ನೀರಿನ ಕಡೆ ಓಡುತ್ತವೆ. ಅಂಗೈಗಿಂತ ಚಿಕ್ಕವು. ಒಂದು ಸ್ಕೂಪಿನ ಗುಂಡಿ ಅವಕ್ಕೆ ಬಾವಿ. ಬಿದ್ದರೆ ಹತ್ತೋಕೆ ಆಗೋದಿಲ್ಲ, ಬೆಳಗಾದರೆ ಏಡಿಯೋ ಹಕ್ಕಿಯೋ ತಿನ್ನುತ್ತದೆ. ಹೊನ್ನಾವರದ ಕಾಸರಕೋಡಿನಲ್ಲೂ ಕಡಲಾಮೆ ಮೊಟ್ಟೆ ಇಡುತ್ತವೆ, ಅಲ್ಲಿಯವರಿಗೆ ಇದು ಹೊಸ ವಿಷಯ ಅಲ್ಲ. ತೋಡಿದ ಪ್ರತಿ ಗುಂಡಿಯನ್ನೂ ಕಾಲಿನಿಂದ ಎಳೆದು, ತುಳಿದು, ಮಟ್ಟ ಮಾಡಿಯೇ ಮುಂದೆ ಹೋಗೋದು. ಅಲೆ ಬಂದು ಮುಚ್ಚುತ್ತದೆ ಬಿಡು ಅನ್ನುವವರ ಜೊತೆ ನಾನು ಹೋಗೋದಿಲ್ಲ.

ಊರಿಗೆ ತಗೊಂಡು ಬಾ

ಹೋದ ಸಲ ಊರಿಗೆ ಫೋನ್ ಮಾಡಿದಾಗ ತಮ್ಮನ ಮಗ ಕೇಳಿದ. "ಅತ್ತೆ, ಆ ಮಷಿನ್ ಬರೋವಾಗ ತಗೊಂಡು ಬಾ. ನಮ್ಮ ಹೊಲದ ಹತ್ರ ಹಳೇ ಗುಡಿ ಐತಲ್ಲ, ಅಲ್ಲಿ ನಿಧಿ ಐತೆ ಅಂತಾರ." ಅವನಿಗೆ ಬೈಯಲಿಲ್ಲ. ಆದರೆ ಆ ಮಾತು ಕೇಳಿ ಎದೆ ಧಸಕ್ ಅಂದಿದ್ದು ನಿಜ. ಹಂಪಿಯ ಸುತ್ತಮುತ್ತ ನಿಧಿಗಳ್ಳರು ತೋಡಿದ ಗುಂಡಿ ನೋಡಿಕೊಂಡೇ ಬೆಳೆದವರು ನಾವು. ಪೀಠದಿಂದ ಕಿತ್ತು ಪಕ್ಕಕ್ಕೆ ಉರುಳಿಸಿದ ನಂದಿ, ಕೆಳಗೆ ಆಳುದ್ದ ಹಳ್ಳ. ಚಿನ್ನ ಒಂದು ಬಿಟ್ಟು ಬೇರೆ ಯಾವುದೂ ಅವರಿಗೆ ಬೇಕಿಲ್ಲ. ಮಣ್ಣಿನ ಪದರ, ಮಡಕೆ ಚೂರು, ಬೂದಿ, ಎಲುಬು, ಇಟ್ಟಿಗೆ ಸಾಲು, ಯಾವ ಕಾಲದಲ್ಲಿ ಯಾರು ಅಲ್ಲಿದ್ದರು ಅಂತ ಹೇಳುವ ಎಲ್ಲವನ್ನೂ ಕೆದರಿ ಎಸೆಯುತ್ತಾರೆ. ಬೀಚಿನಲ್ಲಿ ನಾನು ಉಂಗುರ ಎತ್ತಿದರೆ ಏನೂ ಕೆಡೋದಿಲ್ಲ. ಸಮುದ್ರ ಅದನ್ನು ಆಗಲೇ ಹತ್ತು ಕಡೆ ಸಾಗಿಸಿ ತಂದು ಹಾಕಿರುತ್ತದೆ. ಗುಡಿಯ ಕೆಳಗಿನ ಮಣ್ಣು ಹಾಗಲ್ಲ, ಇಟ್ಟದ್ದು ಇಟ್ಟ ಕಡೆಯೇ ಇದೆ. ಒಂದು ಸಲ ತೋಡಿದರೆ ಮತ್ತೆ ಜೋಡಿಸೋಕೆ ಯಾರಿಂದಲೂ ಆಗದು. ನೆಲದೊಳಗೆ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು ಅನ್ನುವ ಕಾನೂನು ನಮ್ಮ ದೇಶದಲ್ಲಿ 1878ರಿಂದಲೂ ಇದೆ, ಅದನ್ನೂ ಹೇಳಿದೆ. ಮಷಿನ್ ತರೋದಿಲ್ಲ, ಗುಡಿಯ ಹತ್ತಿರ ಯಾರಾದರೂ ತೋಡೋದು ಕಂಡರೆ ಪೊಲೀಸರಿಗೆ ಫೋನ್ ಮಾಡು ಅಂತಲೂ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಅದು ಕೆಲಸ ಮಾಡೋದು ಹೆಂಗೆ ಅಂತ ಕೇಳಿದ. ಡಿಪ್ಲೊಮಾ ಓದುತ್ತಿದ್ದಾನೆ, ಎಲೆಕ್ಟ್ರಾನಿಕ್ಸ್. ಎರಡು ಸುತ್ತು, ಉಂಗುರದಲ್ಲಿ ಹುಟ್ಟುವ ಕರೆಂಟು, ತಡವಾಗಿ ಬರುವ ಉತ್ತರ, ಉಪ್ಪು ನೀರು, ಎಲ್ಲ ಹೇಳುತ್ತಾ ಹೋದೆ. ಅವತ್ತು ಬಹಳ ಹೊತ್ತು ಮಾತಾಡಿದೆವು. ಕೆಲವು ವಾರ ಬಿಟ್ಟು ಒಂದು ವಿಡಿಯೋ ಕಳಿಸಿದ. ಮೋಟರ್ ವೈಂಡಿಂಗ್ ಅಂಗಡಿಯಿಂದ ತಂತಿ ತಂದು, ಪ್ಲಾಸ್ಟಿಕ್ ಬಕೆಟಿನ ಮುಚ್ಚಳಕ್ಕೆ ಸುತ್ತಿ, ತಾನೇ ಒಂದು ಪಲ್ಸ್ ಮಷಿನ್ ಮಾಡಿದ್ದಾನೆ. ಟೇಬಲ್ ಮೇಲೆ ಸೈಕಲ್ ಪೆಡಲ್ ಇಟ್ಟು ಒಂದು ಗೇಣು ಮೇಲಿಂದ ಹಿಡಿದರೆ ಸದ್ದು ಮಾಡುತ್ತದೆ. ನನಗೆ ಎಷ್ಟು ಖುಷಿಯಾಯಿತು ಅಂದರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅಂಗಳಕ್ಕೆ ತಗೊಂಡು ಹೋದರೆ ಮಾತ್ರ ಒಂದೇ ಸಮನೆ ಕೂಗುತ್ತದಂತೆ. ಕೂಗದೆ ಏನು ಮಾಡುತ್ತದೆ? ಹೊಸಪೇಟೆ, ಸಂಡೂರು ಕಡೆಯ ಕೆಂಪು ಮಣ್ಣು, ಅದರ ತುಂಬ ಕಬ್ಬಿಣ. ನನಗೆ ಇಲ್ಲಿ ಉಪ್ಪು ನೀರಿದ್ದ ಹಾಗೆ ಅವನಿಗೆ ಅಲ್ಲಿ ಆ ಮಣ್ಣು. "ಈ ಮಣ್ಣಿನ ಸೌಂಡ್ ತೆಗೆಯೋದು ಹೆಂಗೆ ಅತ್ತೆ?" ಅಂತ ಕೇಳಿದ್ದಾನೆ. ಈಗಲೇ ತೆಗೀಬೇಡ, ಒಂದು ವಾರ ಬರೀ ಮಣ್ಣನ್ನೇ ಕೇಳು, ಪೆಡಲ್ ಆಮೇಲೆ ಇಡು ಅಂತ ಬರೆದಿದ್ದೇನೆ. ವಿಡಿಯೋದಲ್ಲಿ ತಂತಿಯ ಸುತ್ತು ಸ್ವಲ್ಪ ಸಡಿಲ ಕಾಣುತ್ತಿತ್ತು. ಅಲುಗಾಡಿದರೆ ಅದರದ್ದೇ ಬೇರೆ ಸದ್ದು ಬರುತ್ತದೆ, ವೈಂಡಿಂಗ್ ಅಂಗಡಿಯವರನ್ನೇ ಕೇಳಿ ವಾರ್ನಿಶ್ ಹಚ್ಚಿಸಿ ಬಿಗಿ ಮಾಡಿಸು ಅಂತಲೂ ಬರೆದೆ.